ತಂತ್ರಾಂಶದ ತೂಬು ತೆರೆಯುವ ಮುನ್ನ

ಕೊಡಗಿನಲ್ಲಿ ಮಳೆ ಹಿಡಿದು ಲಕ್ಷ್ಮಣತೀರ್ಥ ಕೆಂಪಗೆ ತುಂಬಿ ಬಂದಿತೆಂದರೆ ಹುಣಸೂರು ತಾಲ್ಲೂಕಿನ ಹನಗೋಡು ಅಣೆಕಟ್ಟೆಯ ಬಳಿ ಜನ ಸೇರುತ್ತಾರೆ. ಕಟ್ಟೆಯ ಮೇಲಿಂದ ಧುಮುಕುವ ನೀರನ್ನು ನೋಡುವುದೇ ಒಂದು ಸೊಗಸು. ಆದರೆ ರೈತನ ಚಿಂತೆ ಬೇರೆ. ನದಿಯಲ್ಲಿ ನೀರು ಬಂದರಾಯಿತೆ? ನಾಲೆಯ ಹೂಳು ತೆಗೆದಿದ್ದಾರೆಯೆ, ಏರಿ ಒಡೆದ ಕಡೆ ಮಣ್ಣು ಹಾಕಿದ್ದಾರೆಯೆ, ತೂಬು ಸರಿಯಾಗಿ ಏಳುತ್ತದೆಯೆ ಎಂಬುದೆಲ್ಲ ನೀರು ಬಿಡುವ ಮೊದಲೇ ತೀರ್ಮಾನವಾಗಬೇಕು. ಬಿಟ್ಟ ಮೇಲೆ ಏರಿ ಒಡೆದರೆ ಮೇಲಿನವನ ಗದ್ದೆ ಕೊಚ್ಚಿಹೋಗುತ್ತದೆ, ಕೊನೆಯವನ ಗದ್ದೆ ಒಣಗುತ್ತದೆ.

ಕಂಪ್ಯೂಟರಿನ ಲೋಕದಲ್ಲಿಯೂ ಇಂಥದೇ ಒಂದು ತೂಬು ತೆರೆಯುವ ಕೆಲಸವಿದೆ. ಅದಕ್ಕೆ ಆ ಲೋಕದವರು ಇಟ್ಟಿರುವ ಹೆಸರು ‘ಬಿಡುಗಡೆ’. ಒಂದು ತಂತ್ರಾಂಶವನ್ನು ಬರೆಯುವುದು ಒಂದು ವಿದ್ಯೆ. ಬರೆದದ್ದನ್ನು ಲಕ್ಷಾಂತರ ಜನರ ಕೈಗೆ ಕೆಡದಂತೆ, ಬೆರಕೆಯಾಗದಂತೆ, ಹೇಳಿದ ಹೊತ್ತಿಗೆ ತಲುಪಿಸುವುದು ಇನ್ನೊಂದು ವಿದ್ಯೆ. ಕಂಪ್ಯೂಟರ್ ಕಲಿಯುವ ಮಕ್ಕಳೂ ಅವರನ್ನು ಕಲಿಯಲು ಕಳಿಸುವ ತಂದೆ ತಾಯಿಯರೂ ಮೊದಲನೆಯದರ ಬಗ್ಗೆಯೇ ಕೇಳಿರುತ್ತಾರೆ. ಎರಡನೆಯದರ ಸುದ್ದಿ ಎತ್ತುವವರು ಕಡಿಮೆ.

ಮಾರಾಟದ ತಂತ್ರಾಂಶಗಳಲ್ಲಿ ಈ ಕೆಲಸ ಕಂಪನಿಯ ಗೋಡೆಯೊಳಗೆ ನಡೆಯುತ್ತದೆ. ಮುಕ್ತ ತಂತ್ರಾಂಶದ ಕಥೆ ಹಾಗಲ್ಲ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಬರೆಯುವವರು ಒಂದು ಊರಿನವರಲ್ಲ, ಒಂದು ದೇಶದವರಲ್ಲ. ಎಷ್ಟೋ ಮಂದಿಗೆ ಸಂಬಳವಿಲ್ಲ. ಇಂಥ ಗುಂಪಿನಲ್ಲಿ ‘ಇನ್ನು ಸಾಕು, ಕೈ ನಿಲ್ಲಿಸಿ’ ಎಂದು ಹೇಳುವವರು ಯಾರು? ಹೇಳಿದರೆ ಕೇಳುವವರು ಯಾರು?

ಲಿನಕ್ಸ್ ಇದಕ್ಕೆ ಕಂಡುಕೊಂಡ ದಾರಿ ಸರಳವಾದದ್ದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಪ್ರಾರಂಭಿಸಿದ ಈ ತಿರುಳು ತಂತ್ರಾಂಶದಲ್ಲಿ ಇಂದು ಹೊಸ ಸೇರ್ಪಡೆಗಳಿಗೆ ಎರಡು ವಾರ ಬಾಗಿಲು ತೆರೆದಿರುತ್ತದೆ. ಆಮೇಲೆ ಬಾಗಿಲು ಬಂದ್. ಮುಂದಿನ ಏಳೆಂಟು ವಾರ ಬರೀ ದೋಷ ತಿದ್ದುವ ಕೆಲಸ. ವಾರಕ್ಕೊಂದರಂತೆ ‘ಬಿಡುಗಡೆಯ ಉಮೇದುವಾರ’ ಹೊರಬರುತ್ತದೆ. ಚುನಾವಣೆಯ ಉಮೇದುವಾರನಂತೆ ಇವನನ್ನೂ ಜನ ಜಾಲಾಡುತ್ತಾರೆ. ದೊಡ್ಡ ತಪ್ಪುಗಳು ಸಿಕ್ಕುವುದು ನಿಂತಾಗ ಉಮೇದುವಾರನೇ ಆಯ್ಕೆಯಾಗುತ್ತಾನೆ. ಎಂಥ ಅದ್ಭುತವಾದ ಹೊಸ ಸೌಲಭ್ಯವೇ ಆಗಲಿ, ಎರಡು ವಾರದ ಗಡುವು ತಪ್ಪಿದರೆ ಮುಂದಿನ ಸರದಿಗೆ ಕಾಯಬೇಕು. ಬಸ್ಸು ತಪ್ಪಿದವನಿಗಾಗಿ ಬಸ್ಸು ನಿಲ್ಲುವುದಿಲ್ಲ; ಹಾಗೆಂದು ಅವನು ಪೇಚಾಡಬೇಕಿಲ್ಲ, ಒಂಬತ್ತು ಹತ್ತು ವಾರಕ್ಕೆ ಇನ್ನೊಂದು ಬಸ್ಸು ಇದ್ದೇ ಇದೆ.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಬಳಗದ ಸ್ವಭಾವವೇ ಬೇರೆ. ಲಿನಕ್ಸ್ ತಿರುಳಿನ ಸುತ್ತ ಸಾವಿರಾರು ತಂತ್ರಾಂಶಗಳನ್ನು ಜೋಡಿಸಿ ಒಂದು ಸಂಪೂರ್ಣ ವ್ಯವಸ್ಥೆಯಾಗಿ ಕೊಡುವವರು ಅವರು. ಅವರ ಬಿಡುಗಡೆಯ ದಿನ ಯಾವುದು ಎಂದರೆ ‘ಸಿದ್ಧವಾದ ದಿನ’ ಎಂಬ ಉತ್ತರ ಬಹುಕಾಲ ನಡೆದು ಬಂದಿತ್ತು. ಹೊಸದಾಗಿ ಬಂದ ತಂತ್ರಾಂಶ ಮೊದಲು ‘ಅಸ್ಥಿರ’ ಎಂಬ ಅಂಗಳದಲ್ಲಿ ಬೀಳುತ್ತದೆ. ಕೆಲವು ದಿನ ಅಲ್ಲಿದ್ದು ಯಾರಿಂದಲೂ ಗಂಭೀರ ದೂರು ಬಾರದಿದ್ದರೆ ‘ಪರೀಕ್ಷೆ’ ಎಂಬ ಎರಡನೆಯ ಅಂಗಳಕ್ಕೆ ಬರುತ್ತದೆ. ಅಲ್ಲಿ ಹಂತಹಂತವಾಗಿ ಬಿಗಿ ಹಿಡಿಯುತ್ತ, ಕಡೆಗೆ ಪೂರ್ತಿ ಸ್ತಂಭನ ಮಾಡಿ, ಬಿಡುಗಡೆಯನ್ನು ತಡೆಯಬಲ್ಲ ದೋಷಗಳ ಪಟ್ಟಿಯನ್ನು ಸವೆಸುತ್ತ ಹೋಗುತ್ತಾರೆ. 12ನೆಯ ಆವೃತ್ತಿ 2023ರ ಜೂನ್‌ನಲ್ಲಿಯೂ 13ನೆಯದು 2025ರ ಆಗಸ್ಟ್‌ನಲ್ಲಿಯೂ ಹೀಗೆಯೇ ಬಂದವು.

ಈ ಬಳಗಕ್ಕೆ ಒಂದು ಪಾಠ ಬಹಳ ಬೇಗ ಆಯಿತು. 1995ರ ಕೊನೆಯಲ್ಲಿ ಸಿ.ಡಿ. ಮಾರುವ ಸಂಸ್ಥೆಯೊಂದು, ಇನ್ನೂ ಕಟ್ಟುತ್ತಿದ್ದ ಅರೆಬೆಂದ ಪ್ರತಿಯನ್ನೇ ‘ಡೆಬಿಯನ್ 1.0’ ಎಂದು ಮುದ್ರೆ ಒತ್ತಿ ಹಂಚಿಬಿಟ್ಟಿತು. ಈಗ ನಿಜವಾದ 1.0 ಹೊರತಂದರೆ ಜನರಿಗೆ ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯುವುದು ಹೇಗೆ? ಬಳಗದವರು ಆ ಸಂಖ್ಯೆಯನ್ನೇ ಬಿಟ್ಟುಕೊಟ್ಟರು. 1996ರ ಜೂನ್‌ನಲ್ಲಿ ಬಂದದ್ದು 1.1. ಡೆಬಿಯನ್ ಹೊರತಂದ 1.0 ಎಂಬುದು ಇಂದಿಗೂ ಇಲ್ಲ.

ಸಂಖ್ಯೆಯ ಮಾತು ಬಂದದ್ದಕ್ಕೆ ಗಣಿತದ ವಿದ್ಯಾರ್ಥಿಗಳಿಗೊಂದು ಸ್ವಾರಸ್ಯ. ಸಾಮಾನ್ಯವಾಗಿ 5.6.1 ಎಂಬಂಥ ಸಂಖ್ಯೆಯಲ್ಲಿ ಮೊದಲನೆಯದು ದೊಡ್ಡ ಬದಲಾವಣೆಯನ್ನೂ ನಡುವಿನದು ಹೊಸ ಸೌಲಭ್ಯವನ್ನೂ ಕೊನೆಯದು ತಿದ್ದುಪಡಿಯನ್ನೂ ಸೂಚಿಸುತ್ತದೆ. ಪಠ್ಯಪುಸ್ತಕದ ಹೊಸ ಪಠ್ಯಕ್ರಮ, ಪರಿಷ್ಕೃತ ಆವೃತ್ತಿ, ಒಪ್ಪೋಲೆ ಇದ್ದ ಹಾಗೆ. ಗಣಿತದ ಪುಸ್ತಕಗಳ ಅಚ್ಚುಮೊಳೆ ಜೋಡಿಸಲು ಡೊನಾಲ್ಡ್ ನೂತ್ ಬರೆದ ‘ಟೆಕ್’ ತಂತ್ರಾಂಶ ಮಾತ್ರ ಪ್ರತಿ ಬಿಡುಗಡೆಗೂ ಪೈ ಬೆಲೆಯ ಇನ್ನೊಂದು ಅಂಕಿಯನ್ನು ಸೇರಿಸಿಕೊಳ್ಳುತ್ತದೆ. 2021ರಲ್ಲಿ ಬಂದ ಆವೃತ್ತಿ 3.141592653. ತಿದ್ದುವುದು ಕಡಿಮೆಯಾಗುತ್ತ ಪೂರ್ಣತೆಗೆ ಹತ್ತಿರವಾಗುವುದಷ್ಟೇ, ಮುಟ್ಟುವುದಿಲ್ಲ ಎಂಬ ಹಾಸ್ಯ ಅದರಲ್ಲಿದೆ.

ಅರ್ಧ ಸೆಕೆಂಡಿನ ಸುಳಿವು

ಬಿಡುಗಡೆ ಎಂದರೆ ಬರೀ ಶಿಸ್ತಿನ ವಿಷಯ, ಗಡಿಯಾರ ನೋಡಿ ಗಂಟೆ ಹೊಡೆದ ಹಾಗೆ ಎಂದು ತಿಳಿದವರನ್ನು 2024ರ ಮಾರ್ಚ್ ತಿಂಗಳು ಬೆಚ್ಚಿಬೀಳಿಸಿತು. ‘ಎಕ್ಸ್‌ಜೆಡ್’ ಎಂಬುದು ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಒಂದು ಸಣ್ಣ ಮುಕ್ತ ತಂತ್ರಾಂಶ. ಹೆಚ್ಚು ಕಡಿಮೆ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲಿಯೂ ಇದೆ. ಇದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸೆ ಕಾಲಿನ್, ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ. 2021ರಿಂದ ‘ಜಿಯಾ ಟಾನ್’ ಎಂಬ ಹೆಸರಿನವರೊಬ್ಬರು ತಿದ್ದುಪಡಿ ಕಳಿಸತೊಡಗಿದರು. ಕೆಲಸ ಅಚ್ಚುಕಟ್ಟು. ಮರುವರ್ಷ ಬೇರೆ ಬೇರೆ ಹೆಸರಿನಲ್ಲಿ ದೂರುಗಳು ಬಂದವು: ಬಿಡುಗಡೆ ತಡವಾಗುತ್ತಿದೆ, ಇನ್ನೊಬ್ಬರಿಗೆ ವಹಿಸಿ ಎಂದು. ದಣಿದಿದ್ದ ಮನುಷ್ಯ ಒಪ್ಪಿದರು. 2023ರ ಹೊತ್ತಿಗೆ ಬಿಡುಗಡೆಯ ಕೀಲಿಕೈ ಹೊಸಬರ ಕೈ ಸೇರಿತ್ತು. ಆ ಹೆಸರಿನ ಹಿಂದೆ ಇದ್ದವರು ಒಬ್ಬರೋ ಹಲವರೋ ಎಂಬುದು ಬಹಿರಂಗವಾಗಿಯೇ ಇಲ್ಲ.

2024ರ ಫೆಬ್ರವರಿಯಲ್ಲಿ 5.6.0, ಮಾರ್ಚ್‌ನಲ್ಲಿ 5.6.1 ಬಂದವು. ಇಲ್ಲಿಯೇ ಜಾಣತನವಿದ್ದದ್ದು. ಎಲ್ಲರೂ ಓದಬಹುದಾದ ಮೂಲ ಸಂಕೇತದ ಭಂಡಾರದಲ್ಲಿ ಕಣ್ಣಿಗೆ ಬೀಳುವಂಥದು ಏನೂ ಇರಲಿಲ್ಲ. ವಿಷದ ಗಂಟನ್ನು ಪರೀಕ್ಷೆಗಾಗಿ ಇಟ್ಟ ಕಡತಗಳೆಂಬ ನೆಪದಲ್ಲಿ ಅಡಗಿಸಿದ್ದರು. ಆ ಗಂಟನ್ನು ಬಿಚ್ಚುವ ಕೆಲವು ಸಾಲುಗಳನ್ನು ಮಾತ್ರ ಬಿಡುಗಡೆಯ ಕಟ್ಟಿನಲ್ಲಿ ಸೇರಿಸಿದ್ದರು. ಅಂದರೆ ಅಂಗಡಿಯ ಗಾಜಿನ ಭರಣಿಯಲ್ಲಿ ಕಾಣುವ ಅಕ್ಕಿಯೇ ಬೇರೆ, ಹೊಲಿದ ಚೀಲದಲ್ಲಿ ಮನೆಗೆ ಬರುವ ಅಕ್ಕಿಯೇ ಬೇರೆ. ಅದು ಫಲಿಸಿದ್ದರೆ ಜಗತ್ತಿನ ಅಸಂಖ್ಯಾತ ಸರ್ವರ್‌ಗಳ ಹಿತ್ತಲ ಬಾಗಿಲು ಅಪರಿಚಿತರಿಗೆ ತೆರೆದುಕೊಳ್ಳುತ್ತಿತ್ತು. ಕನ್ನಡದ ಮನೆಯೊಂದರ ಬ್ಯಾಂಕಿನ ಖಾತೆ, ಪರೀಕ್ಷೆಯ ಅಂಕಪಟ್ಟಿ, ಆಸ್ಪತ್ರೆಯ ದಾಖಲೆ ಇಂಥ ಸರ್ವರ್‌ಗಳಲ್ಲಿಯೇ ಇರುವುದು ಎಂಬುದನ್ನು ಪೋಷಕರು ನೆನೆಯಬಹುದು.

ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಅವರು ಹುಡುಕುತ್ತಿದ್ದದ್ದು ಇದನ್ನಲ್ಲ. ದೂರದ ಯಂತ್ರಕ್ಕೆ ಪ್ರವೇಶ ಪಡೆಯಲು ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು. ‘ಇರಲಿ ಬಿಡು’ ಎನ್ನದೆ ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿದರು, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಪ್ರಯೋಗಶಾಲೆಯಲ್ಲಿ ಓದಿಗೂ ಲೆಕ್ಕಕ್ಕೂ ಹೊಂದದ ಅಂಕಿ ಬಂದಾಗ ಪಕ್ಕದವನ ಪುಸ್ತಕ ನೋಡಿ ತಿದ್ದಿಕೊಳ್ಳುವ ಹುಡುಗರಿಗೆ ಈ ಕಥೆಯನ್ನು ಹೇಳಬೇಕು.

ಆಗ ಆ ವಿಷ ಡೆಬಿಯನ್‌ನ ‘ಅಸ್ಥಿರ’, ‘ಪರೀಕ್ಷೆ’ ಅಂಗಳಗಳವರೆಗೆ ಬಂದಿತ್ತು. ‘ಸ್ಥಿರ’ ಆವೃತ್ತಿಗೆ ದಾಟಿರಲಿಲ್ಲ. ನಿಧಾನ ಎಂದು ಜನ ಬೈಯುತ್ತಿದ್ದ ಅಂಗಳಗಳೇ ಅಂದು ಕಾದವು. ಏಪ್ರಿಲ್‌ನಲ್ಲಿ ಬರಬೇಕಿದ್ದ ಉಬುಂಟು 24.04ರವರು ತಮ್ಮ ಪರೀಕ್ಷಾ ಪ್ರತಿಯನ್ನು ಏಪ್ರಿಲ್ 4ರಿಂದ 11ಕ್ಕೆ ಮುಂದೂಡಿ, ಶಂಕೆಯ ಅವಧಿಯಲ್ಲಿ ಕಟ್ಟಿದ ತಂತ್ರಾಂಶಗಳನ್ನೆಲ್ಲ ಹೊಸದಾಗಿ ಕಟ್ಟಿದರು. ಆದರೂ ಅಂತಿಮ ಬಿಡುಗಡೆ ಹೇಳಿದ ದಿನವೇ, ಏಪ್ರಿಲ್ 25ಕ್ಕೆ ಆಯಿತು. ಉಬುಂಟುವಿನ ಸಂಖ್ಯೆಯೇ ವರ್ಷ ಮತ್ತು ತಿಂಗಳು. ತಡವಾದರೆ ಹೆಸರೇ ಬದಲಾಗಬೇಕು. 2006ರಲ್ಲಿ ಒಮ್ಮೆ ಹಾಗೆ ಆಗಿ 6.04 ಎಂಬುದು 6.06 ಆದದ್ದುಂಟು.

ನಾಲೆಯ ಕೊನೆಯಲ್ಲಿ ಕನ್ನಡ

ಈ ನಾಲೆಯ ಕೊನೆಯ ಗದ್ದೆಗಳಲ್ಲಿ ಒಂದು ನಮ್ಮ ಕನ್ನಡದ್ದು. ‘ಗುಬ್ಬಿ’ ಮತ್ತು ‘ನವಿಲು’ ಎಂಬ ಎರಡು ಮುಕ್ತ ಕನ್ನಡ ಅಕ್ಷರವಿನ್ಯಾಸಗಳಿವೆ. ಎರಡನೆಯದು ಕೈಬರಹದಂತೆ ಕಾಣುವಂಥದು. ಅರವಿಂದ ವಿ.ಕೆ. ಅವರು ರೂಪಿಸಿದ ಇವು ಡೆಬಿಯನ್‌ನ ಭಂಡಾರ ಸೇರಿ, ಅಲ್ಲಿಂದ ಉಬುಂಟುವಿಗೆ ಹರಿದು, ಯಾವುದೋ ಹುಡುಗಿಯ ಪರದೆಯ ಮೇಲೆ ಕಾಣಿಸಿಕೊಳ್ಳುತ್ತವೆ.

ಅಕ್ಷರವಿನ್ಯಾಸದ ಬಿಡುಗಡೆ ಸುಲಭದ್ದೆಂದು ತೋರಬಹುದು. ಕನ್ನಡದಲ್ಲಿ ಹಾಗಲ್ಲ. ‘ಸೂರ್ಯ’ ಎಂಬಲ್ಲಿ ಬಿಡಿ ರಕಾರ ಹಿಂದಕ್ಕೆ ಸರಿದು ಅರ್ಕಾವೊತ್ತಾಗಬೇಕು. ‘ರ‍್ಯಾಂಕ್’ ಎಂಬಲ್ಲಿ ರಕಾರ ಮುಂದೆಯೇ ನಿಂತು ಯಕಾರ ಒತ್ತಾಗಬೇಕು. ಕಂಪ್ಯೂಟರಿಗೆ ಎರಡೂ ಒಂದೇ ರಕಾರ, ವಿರಾಮ, ಯಕಾರಗಳು. ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಇಟ್ಟು ಬೇರ್ಪಡಿಸಬೇಕು. ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸುವುದು ಇಲ್ಲಿ ಎಷ್ಟೂ ಸಾಧ್ಯ. ಆದ್ದರಿಂದ ಹೊಸ ದೋಷ ತಿದ್ದಿದಾಗಲೆಲ್ಲ ಹಳೆಯ ಪದಗಳ ಪಟ್ಟಿಯನ್ನೂ ಮೊದಲಿನಿಂದ ಓದಿಸಿ ನೋಡಬೇಕಾಗುತ್ತದೆ.

ಅನುವಾದದ ಕಷ್ಟ ಇನ್ನೊಂದು ಬಗೆಯದು. ಲಿನಕ್ಸ್‌ನ ಪರದೆ, ಕಿಟಕಿ, ಗುಂಡಿಗಳನ್ನು ಒದಗಿಸುವ ಗ್ನೋಮ್ ಯೋಜನೆ ಸಾಮಾನ್ಯವಾಗಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಗುತ್ತದೆ. ಅದಕ್ಕೆ ಕೆಲವು ವಾರ ಮೊದಲು ‘ವಾಕ್ಯಸ್ತಂಭನ’. ಅಂದರೆ ಪರದೆಯ ಮೇಲೆ ಕಾಣುವ ಯಾವ ಇಂಗ್ಲಿಷ್ ವಾಕ್ಯವನ್ನೂ ಇನ್ನು ಬದಲಿಸಕೂಡದು. ಬದಲಿಸಲೇಬೇಕಾದರೆ ಅನುವಾದಕರ ಒಪ್ಪಿಗೆ ಬೇಕು. ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ, ಇಂಗ್ಲಿಷ್ ವಾಕ್ಯದಲ್ಲಿ ಒಂದು ಪೂರ್ಣವಿರಾಮ ಬದಲಾದರೂ ಅದಕ್ಕೆ ಹೊಂದಿಸಿಟ್ಟಿದ್ದ ಕನ್ನಡ ವಾಕ್ಯವನ್ನು ಯಂತ್ರ ‘ಸಂಶಯಾಸ್ಪದ’ ಎಂದು ಬದಿಗಿಡುತ್ತದೆ. ಪರದೆಯಲ್ಲಿ ಮತ್ತೆ ಇಂಗ್ಲಿಷೇ ಕಾಣುತ್ತದೆ. ಬರೆದವನಿಗೆ ಅದೊಂದು ಚುಕ್ಕೆ. ಕನ್ನಡ ಮಾತ್ರ ಬಲ್ಲ ಹಳ್ಳಿಯ ಹುಡುಗನಿಗೆ ಅದು ಅರ್ಥವಾಗದ ಗುಂಡಿ. ಶೇಕಡ 80ರಷ್ಟು ಅನುವಾದವಾದ ಭಾಷೆಯನ್ನು ಗ್ನೋಮ್ ‘ಬೆಂಬಲವಿರುವ ಭಾಷೆ’ ಎಂದು ಎಣಿಸುತ್ತದೆ. ಆ ಮಟ್ಟಕ್ಕೆ ಒಮ್ಮೆ ಏರಿದರೆ ಸಾಲದು. ಪ್ರತಿ ಆರು ತಿಂಗಳಿಗೂ ಹೊಸ ವಾಕ್ಯಗಳು ಬರುತ್ತಲೇ ಇರುವುದರಿಂದ ಕೈ ಬಿಟ್ಟ ಭಾಷೆ ತಾನಾಗಿಯೇ ಕೆಳಗಿಳಿಯುತ್ತದೆ.

ನಾಲೆಯ ನೀರು ಶಾಲೆಯನ್ನು ಮುಟ್ಟುವುದನ್ನು ಕಾಣಬೇಕಾದರೆ ಗಡಿಯಾಚೆಯ ಕಾಸರಗೋಡನ್ನು ನೋಡಬೇಕು. ಕೇರಳದ ಐ.ಟಿ. ಅಟ್ ಸ್ಕೂಲ್ ಯೋಜನೆ ಅಲ್ಲಿನ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ವ್ಯವಸ್ಥೆ. ಉಬುಂಟುವನ್ನು ತಳಹದಿಯಾಗಿ ಇಟ್ಟುಕೊಂಡು, ಗಣಿತಕ್ಕೆ ಜಿಯೋಜೀಬ್ರಾದಂಥವನ್ನು ಸೇರಿಸಿ ಕಟ್ಟಿದ ಶಾಲಾ ಆವೃತ್ತಿ ಅದು. 2018ರ ಏಪ್ರಿಲ್‌ನ ಉಬುಂಟು 18.04 ಆಧರಿಸಿದ ಆವೃತ್ತಿ ಶಾಲೆಗಳಿಗೆ ಬಂದದ್ದು 2019ರಲ್ಲಿ, 22.04 ಆಧರಿಸಿದ್ದು 2024ರಲ್ಲಿ. ಹಳೆಯದನ್ನು ಕೊಡುತ್ತಾರೆಂದು ಮೂಗು ಮುರಿಯುವವರಿದ್ದಾರೆ. ಆದರೆ ಪಾಠದ ನಡುವೆ, ಪ್ರಾಯೋಗಿಕ ಪರೀಕ್ಷೆಯ ದಿನ ಯಂತ್ರ ಕೈಕೊಡುವುದಕ್ಕಿಂತ ಎರಡು ವರ್ಷ ಹಳೆಯದಾದರೂ ಪಳಗಿದ್ದನ್ನು ಕೊಡುವುದೇ ಮೇಲು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರೂ ಹೊಸ ತಳಿಯನ್ನು ಮೊದಲ ವರ್ಷವೇ ಹೊಲದ ತುಂಬ ಹಾಕಲಾರರು.

ಹನಗೋಡಿನ ಅಥವಾ ಎಚ್.ಡಿ. ಕೋಟೆಯ ವಿದ್ಯಾರ್ಥಿ ಈ ಕೆಲಸದಲ್ಲಿ ಸೇರಲು ಪ್ರೋಗ್ರಾಂ ಬರೆಯಲೇಬೇಕೆಂದಿಲ್ಲ. ಪರೀಕ್ಷಾ ಪ್ರತಿ ಬಂದಾಗ ಅದನ್ನು ಹಳೆಯ ಯಂತ್ರವೊಂದಕ್ಕೆ ಹಾಕಿ, ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಒತ್ತಕ್ಷರಗಳು ಎಲ್ಲಿ ಮುರಿದಿವೆ, ಎಲ್ಲಿ ಇಂಗ್ಲಿಷ್ ಇಣುಕುತ್ತಿದೆ ಎಂದು ನೋಡಿದರೆ ಸಾಕು. ದೂರಿನಲ್ಲಿ ಮೂರು ಮಾತು ಇರಬೇಕು: ಏನು ಮಾಡಿದಾಗ, ಏನು ಆಗಬೇಕಿತ್ತು, ಏನಾಯಿತು. ಜತೆಗೆ ಆವೃತ್ತಿಯ ಸಂಖ್ಯೆ. ಅಂಥ ದೂರು ಆಗಸ್ಟ್‌ನಲ್ಲಿ ತಲುಪಿದರೆ ಸೆಪ್ಟೆಂಬರ್‌ನ ಬಿಡುಗಡೆಯಲ್ಲಿಯೇ ಸರಿಹೋಗುವ ಸಂಭವವಿದೆ. ಅಕ್ಟೋಬರ್‌ನಲ್ಲಿ ಕಳಿಸಿದ್ದು ತಿದ್ದುಪಡಿಯ ಆವೃತ್ತಿಗೋ, ಇಲ್ಲವೆ ಮಾರ್ಚ್‌ವರೆಗೋ ಕಾಯಬೇಕಾಗುತ್ತದೆ.