ಗೊಂಬೆಗೆ ನೋವಾಗಲ್ಲ

ಪರೀಕ್ಷೇಲಿ ರ‍್ಯಾಂಕ್ ಬಂದೋರಿಗೂ
ವಾರ್ಡಲ್ಲಿ ಕೈ ನಡುಗೋದ್ಯಾಕೆ?

ಲ್ಯಾಬಿನ ಗೊಂಬೆಗೆ ಸೂಜಿ ಚುಚ್ಚಿ,
ಅದು ಕೈ ಎಳ್ಕೊಳಲ್ಲ.
"ಮಗೂಗೆ ಏನಾಗಿದೆ ಡಾಕ್ಟ್ರೇ?" ಅಂತ
ಪಕ್ಕದಲ್ಲಿ ಅಮ್ಮನೂ ನಿಂತಿರಲ್ಲ.

ಖಾಲಿ ಮೈದಾನದಲ್ಲಿ ಕಾರು ಕಲಿತು,
ಸಂಜೆ ಆರಕ್ಕೆ ಕೆ.ಆರ್. ಮಾರ್ಕೆಟ್‌ಗೆ ಇಳಿದ ಹಾಗೆ!

ಅದಕ್ಕೇ 2019ರಲ್ಲಿ
ಎಂಬಿಬಿಎಸ್ ಪಠ್ಯಕ್ರಮ ಬದಲಾಯ್ತು.
ಮೊದಲ ವರ್ಷದಿಂದಲೇ ರೋಗಿಗಳ ಪರಿಚಯ.
ಸ್ಥಳೀಯ ಭಾಷೆಯ ಪಾಠ. ನಮ್ಮಲ್ಲಿ, ಕನ್ನಡ.

ಜೊತೆಗೆ ಎಟ್‌ಕಾಮ್ ಅನ್ನೋ ಕ್ಲಾಸ್:
ಮನೋಭಾವ, ನೀತಿ, ಮಾತುಕತೆ.

ಕೆಟ್ಟ ಸುದ್ದಿ ಹೇಳೋದು ಹೇಗೆ?
ಆ ಕ್ಲಾಸಲ್ಲಿ ಒಬ್ಬ ವಿದ್ಯಾರ್ಥಿ ರೋಗಿಯ ಮಗ ಆಗ್ತಾನೆ,
ಇನ್ನೊಬ್ಬಳು ಡಾಕ್ಟರ್.
ಕೂತ್ಕೊಂಡು ಹೇಳ್ಬೇಕು.
ನಿಧಾನಕ್ಕೆ ಹೇಳ್ಬೇಕು.
ಹೇಳಿ, ಸುಮ್ನಿರ್ಬೇಕು.
ಕಷ್ಟ ಇರೋದೇ ಅಲ್ಲಿ!

ಬರೀ ಹಾಜರಿಗೆ ಕೂತ್ರೆ
ಇದು ಬರಲ್ಲ.

ಮೆಡಿಕಲ್ ಓದ್ತಿದ್ದೀರಾ?
ಆ ಕ್ಲಾಸ್ ಮಾತ್ರ ಬಂಕ್ ಮಾಡ್ಬೇಡಿ.