ಮೊಣಕಾಲು ನೋವಿಗೆ ವ್ಯಾಯಾಮವೇ ಮದ್ದು



ಯಳವತ್ತಿ ಕಡೆಯ ಸಂಘಗಳ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಮಾತು ಬರುವುದು ಮೊಣಕಾಲಿಗೆ. “ಸವದಾವ್ರೀ ಸಿಸ್ಟರ್, ಇನ್ನ ಭಾಳ ನಡೀಬಾರದಂತ” ಎನ್ನುತ್ತೀರಿ. ಸವೆದಿರುವುದು ನಿಜ. ನಡೆಯಬಾರದು ಎನ್ನುವುದು ತಪ್ಪು ತಿಳುವಳಿಕೆ.

ಕೀಲಿನೊಳಗೆ ಎಲುಬಿನ ತುದಿಗೆ ನುಣುಪಾದ ಮೆತ್ತನೆಯ ಪದರ ಇರುತ್ತದೆ. ವಯಸ್ಸು, ಮೈಭಾರ, ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆದದ್ದು, ಎಲ್ಲ ಸೇರಿ ಅದು ತೆಳುವಾಗುತ್ತದೆ. ಆ ಪದರಕ್ಕೆ ರಕ್ತನಾಳಗಳಿಲ್ಲ. ಕಾಲು ಆಡಿಸಿದಾಗ ಕೀಲಿನ ದ್ರವದಿಂದಲೇ ಅದಕ್ಕೆ ಪೋಷಣೆ. ನೋವೆಂದು ಕೂತುಬಿಟ್ಟರೆ ತೊಡೆಯ ಸ್ನಾಯು ಸೊರಗಿ, ಭಾರವೆಲ್ಲ ಕೀಲಿನ ಮೇಲೆ ಬಿದ್ದು, ನೋವು ಇನ್ನೂ ಹೆಚ್ಚುತ್ತದೆ. ಬಹಳ ದಿನ ನಿಂತ ಚಕ್ಕಡಿಯ ಗಾಲಿ ಉರುಳಲು ಹಟ ಮಾಡುತ್ತದಲ್ಲ, ಹಾಗೆ.

ಕೀಲುಸವೆತ ಇರುವ ಎಲ್ಲರಿಗೂ ವ್ಯಾಯಾಮ ಹೇಳಿಕೊಡಬೇಕೆಂದು ಬ್ರಿಟನ್ನಿನ ‘ನೈಸ್’ ಸಂಸ್ಥೆ 2022ರಲ್ಲಿ ವೈದ್ಯರಿಗೆ ಸೂಚಿಸಿದೆ. ಸವೆದ ಪದರ ಇದರಿಂದ ಮರಳಿ ಬೆಳೆಯುವುದಿಲ್ಲ. ಆದರೆ ನೋವು ಸ್ವಲ್ಪ ಇಳಿದು, ಏಳುವುದು ಕೂಡುವುದು ಹಗುರಾಗುತ್ತದೆ.

ಹಾಸಿಗೆಯ ಮೇಲೆ ಕಾಲು ಚಾಚಿ, ಮೊಣಕಾಲ ಕೆಳಗೆ ಟವೆಲ್ ಸುರುಳಿ ಇಡಿ. ಮೊಣಕಾಲಿನಿಂದ ಅದನ್ನು ಒತ್ತಿ ಹಿಡಿದು ಐದು ಎಣಿಸಿ ಬಿಡಿ. ಹೀಗೆ ಹತ್ತು ಸಲ, ಉಸಿರು ಬಿಗಿಹಿಡಿಯಬೇಡಿ. ಆಮೇಲೆ ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸಿ ಇಳಿಸಿ, ಅದೂ ಹತ್ತು ಸಲ. ಇವು ರೂಢಿಯಾದ ಮೇಲೆ ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ ನಿಧಾನ ಎದ್ದು ಕೂಡುವುದು. ಇದಕ್ಕೆ ಸಂಘದ ಸಾಲ ಎತ್ತಬೇಕಿಲ್ಲ!

ಮಾಡುವಾಗ ಸ್ವಲ್ಪ ನೋಯ್ತದ, ಹೆದರಬ್ಯಾಡ್ರಿ. ಮರುದಿನದೊಳಗೆ ಇಳಿದರೆ ಸರಿ. ಇಳಿಯದಿದ್ದರೆ ಹತ್ತರ ಬದಲು ಐದು ಸಲ ಮಾಡಿ, ಪೂರ್ತಿ ಬಿಡಬೇಡಿ. ಫಲ ಕಾಣಲು ಆರೆಂಟು ವಾರ ಬೇಕು. ಎಂಟು ದಿನ ಮಾಡಿ “ಏನೂ ಆಗಲಿಲ್ಲ” ಎನ್ನುವವರೇ ನಮ್ಮಲ್ಲಿ ಹೆಚ್ಚು! ದಿನಾಲೂ ಮನೆಯಲ್ಲಿ ಮಾಡಿ, ವಾರದ ಸಭೆಯಲ್ಲಿ ಹತ್ತು ನಿಮಿಷ ಎಲ್ಲರೂ ಕೂಡಿ ಮಾಡಿ, ಬಿಟ್ಟವರು ಗೊತ್ತಾಗುತ್ತಾರೆ.

ಮೈಭಾರ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರ ಅಧ್ಯಯನವೊಂದು ತೋರಿಸಿದೆ. ರೊಟ್ಟಿ ಬಡಿಯಲು ಒಲೆ ಎತ್ತರಿಸಿಕೊಂಡರೆ ಒಳ್ಳೆಯದು. ಹೊಲದಲ್ಲಿ ಆಗಾಗ ಎದ್ದು ನಿಲ್ಲಿ.

ಔಷಧಿ ಅಂಗಡಿಯಲ್ಲಿ ಕೇಳಿ ದಿನಾ ನುಂಗುವ ನೋವಿನ ಗುಳಿಗೆಯ ಬಗ್ಗೆ ಮಾತ್ರ ನನಗೆ ಬಹಳ ಚಿಂತೆ. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಮೊಣಕಾಲು ಬಿಸಿಯಾಗಿ ಕೆಂಪಗೆ ಬಾತು ಜ್ವರ ಬಂದರೆ, ಇಲ್ಲವೇ ಬಿದ್ದ ಮೇಲೆ ಕಾಲು ಊರಲಾಗದಿದ್ದರೆ ವ್ಯಾಯಾಮ ಮಾಡಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ. ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ಎಲುಬು-ಕೀಲಿನ ವೈದ್ಯರಿದ್ದಾರೆ.