ಡೇರೆಯಿಲ್ಲದ ಕ್ಯಾಂಪು

ಸಿರುಗುಪ್ಪ ತಾಲ್ಲೂಕಿನ ಕಾಲುವೆ ದಂಡೆಯ ಚಹಾದಂಗಡಿಯಲ್ಲಿ ಪಕ್ಕ ಕುಳಿತ ಹಿರಿಯರನ್ನು ಯಾವೂರೆಂದು ಕೇಳಿದೆ. "ಊರಲ್ರೀ, ಕ್ಯಾಂಪು. ಊರು ಆ ಕಡಿ ಐತಿ" ಎಂದರು. ಅವರು ಕೈತೋರಿದ ಕಡೆ ತಾರಸಿ ಮನೆಗಳು, ರಾಮಮಂದಿರ, ಶಾಲೆ. ಡೇರೆಯ ಒಂದು ಗೂಟವೂ ಇಲ್ಲ. ಅವರು ಹುಟ್ಟಿದ್ದು ಅಲ್ಲೇ, ಮೊಮ್ಮಕ್ಕಳು ಆಡುವುದೂ ಅಲ್ಲೇ. ಕಾಯಂ ವಿಳಾಸ ಮಾತ್ರ ಕ್ಯಾಂಪು! ಆ ಉತ್ತರದ ಖುಷಿ ನನಗಿನ್ನೂ ಇಳಿದಿಲ್ಲ.

ಇತಿಹಾಸ ಗೊತ್ತಿರುವುದೇ. 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟೆಯ ಕೆಲಸ 1953ರಲ್ಲಿ ಮುಗಿಯಿತು. ಸಿರುಗುಪ್ಪವಿರುವ ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ಕಾಲುವೆಗೆ ನೀರು ಬಂದಂತೆ ಕರಾವಳಿ ಆಂಧ್ರದ ರೈತರು ಬಂದು ಜಮೀನು ಹಿಡಿದರು, ಭತ್ತ ನಾಟಿ ಮಾಡಿದರು, ಹೊಲದ ನಡುವೆಯೇ ಗುಡಿಸಲು ಹಾಕಿಕೊಂಡರು. ಗುಡಿಸಲು ಮನೆಯಾಯಿತು, ಹೆಸರು ಹಾಗೇ ಉಳಿಯಿತು.

ಕ್ಯಾಂಪಿನ ಮೂಲವಾದ ಲ್ಯಾಟಿನ್ನಿನ 'ಕಾಂಪುಸ್' ಎಂದರೆ ಬರೀ ಬಯಲು. ಬಯಲಲ್ಲಿ ದಂಡು ಇಳಿಯಿತು, ಪದ ದಂಡಿನ ಪಾಲಾಯಿತು. ಬಳ್ಳಾರಿಗೂ ದಂಡಿನ ವಾಸನೆ ಹೊಸದಲ್ಲ. 1800ರಲ್ಲಿ ನಿಜಾಮರಿಂದ ಕಂಪನಿಯ ಕೈಸೇರಿದ ಈ ಊರಿನಲ್ಲಿ ಕಂಟೋನ್ಮೆಂಟ್ ಹೆಸರಿನ ರೈಲು ನಿಲ್ದಾಣ ಈಗಲೂ ಇದೆ.

ಆದರೆ ನನ್ನನ್ನು ಕಾಡಿದ್ದು ಅದೇ ಬಳ್ಳಾರಿ ಸೀಮೆಯ ಕುರುಗೋಡು. ದೊಡ್ಡಬಸವೇಶ್ವರನ ಊರು, ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಹಳಗನ್ನಡದಲ್ಲಿ ರಾಜಧಾನಿಗೆ 'ನೆಲೆವೀಡು' ಎನ್ನುತ್ತಿದ್ದರು. 'ಬಿಡು'ವಿನಿಂದ ಬಂದ 'ಬೀಡು' ಎಂದರೆ ಪಡೆ ಬಂದು ತಂಗಿದ ಜಾಗ; ಅದಕ್ಕೆ 'ನೆಲೆ' ಅಂಟಿದರೆ ಸಿಂಹಾಸನದ ಜಾಗ. ಅಂದರೆ ಅದು ಕಾಯಂ ಕ್ಯಾಂಪು! ತುಳುನಾಡಿನಲ್ಲಿ ಬೀಡು ಅರಸುಮನೆತನದ ಮನೆಯೇ ಆಯಿತು. ದಂಡಿನ 'ಪಾಳೆಯ' ಬೆಂಗಳೂರಿನಲ್ಲಿ ಪಾಳ್ಯವಾಗಿ ಸೈಟಿನ ಬೆಲೆ ಏರಿಸಿಕೊಂಡು ಕೂತಿದೆ. ರೋಮನ್ನರ ಪಡೆಯ ಬಿಡದಿ 'ಕಾಸ್ಟ್ರಾ' ಮ್ಯಾಂಚೆಸ್ಟರಿನ ಬಾಲದಲ್ಲಿದೆ. ಎಲ್ಲೆಡೆಯೂ ಅದೇ ಕಥೆ: ಪಡೆಯ ಹಿಂದೆ ಸಂತೆ, ಸಂತೆಯ ಹಿಂದೆ ಸಂಸಾರ.

ಸಿರುಗುಪ್ಪದಲ್ಲಿ ಪಡೆಯೇ ಇರಲಿಲ್ಲ, ನೇಗಿಲು ಇತ್ತು. ಅಲ್ಲದೆ ಈ ಪದಕ್ಕೆ ಇನ್ನೊಂದು ಮೊನೆಯೂ ಇದೆ. 'ಕ್ಯಾಂಪಿನವರು' ಎಂದರೆ ಜಾಗವಷ್ಟೇ ಅಲ್ಲ, ಮನೆಯಲ್ಲಿ ತೆಲುಗು ಆಡುವವರು, ಆಮೇಲೆ ಬಂದವರು ಎಂಬ ಗುರುತು. ಪದ ಬೇರು ಬಿಟ್ಟಿದೆ, ಬೇಲಿ ಮಾತ್ರ ಕಿತ್ತಿಲ್ಲ.

ಇದನ್ನು 'ಶಿಬಿರ' ಎಂದು ಕನ್ನಡಿಸುವ ಉತ್ಸಾಹಿಗಳೊಡನೆ ನನ್ನ ತಕರಾರಿದೆ. ಸಂಸ್ಕೃತದಲ್ಲಿ ರಾಜರ ಪಡೆ ಬೀಡುಬಿಟ್ಟ ಶಿಬಿರ, ಈಗ ಕಣ್ಣು ತಪಾಸಣೆ ಮಾಡಿ ಸಂಜೆಗೆ ಮುಗಿಯುತ್ತದೆ. ಕ್ಯಾಂಪು ಮುಗಿಯುವ ಬಾಬತ್ತಲ್ಲ.